ಗೋಡೆಗೆ ತಾಗುವ ಮೈ

ಬೆಳಗಿನಿಂದ ಸಂಜೆಯವರೆಗೆ ಬೀದಿಯವರ ಗಡ್ಡವನ್ನೆಲ್ಲ ನುಣ್ಣಗೆ ಮಾಡುವವನಿಗೆ ಎರಡು ಮರದ ಪೆಟ್ಟಿಗೆ ನುಣ್ಣಗೆ ಮಾಡುವುದು ಯಾವ ಮಹಾ ವಿದ್ಯೆ ಎಂದು ಕ್ಷೌರಿಕ ಅಂದುಕೊಂಡಿದ್ದ. ಅಂದುಕೊಂಡು ಸುಮ್ಮನಿದ್ದರೆ ಆಗುತ್ತಿತ್ತು. ಕತ್ತರಿ ಆಡಿಸುತ್ತಾ ಗಿರಾಕಿಗಳ ಮುಂದೆ ಡಂಗುರ ಸಾರಿಯೂ ಬಿಟ್ಟಿದ್ದ. ಹಾಡು ಕೇಳುವ ಹುಚ್ಚು ಅವನಿಗೆ ಮೊದಲಿನಿಂದಲೂ ಇತ್ತು. ಎರಡು ಸ್ಪೀಕರ್ ತಂದಿಟ್ಟು ವರ್ಷವಾಗಿತ್ತು, ಅವುಗಳಿಗೆ ಪೆಟ್ಟಿಗೆ ಮಾಡುವುದೊಂದು ಬಾಕಿ.

ಹಲಗೆ ಮನೆಯಲ್ಲೇ ಸಿಕ್ಕಿತು. ಹೆಂಡತಿಯ ತವರಿನಿಂದ ಬಂದ ಕಪಾಟಿನ ಬೆನ್ನು, ತಳ ಎಲ್ಲವನ್ನೂ ಗೆದ್ದಲು ತಿಂದು ಮುಗಿಸಿತ್ತು. ಬಾಗಿಲುಗಳೆರಡು ಮಾತ್ರ ಕಲ್ಲಿನಂತೆ ಗಟ್ಟಿಯಾಗಿದ್ದವು. ಅವಕ್ಕೆ ಗರಗಸ ಹಾಕುವಾಗ ಅವನು ಎರಡು ಸಲ ಕೈ ಹಿಂದಕ್ಕೆ ಎಳೆದುಕೊಂಡದ್ದು ನಿಜ, ಏಕೆಂದರೆ ಆ ಕಪಾಟಿಗೆ ಪಾಲಿಶ್ ಹಾಕಿದ್ದವರು ಮಾವ.

ಮಾವನ ಬಗ್ಗೆ ಎರಡು ಮಾತು ಹೇಳಲೇಬೇಕು. ನಲವತ್ತು ವರ್ಷ ಮೇಜು, ಕುರ್ಚಿ, ಕಪಾಟುಗಳಿಗೆ ಪಾಲಿಶ್ ಹಾಕಿದ ಮನುಷ್ಯ. ಈಗ ಕಣ್ಣು ಮಂಜಾಗಿದೆ, ನೋಡುವುದೆಲ್ಲ ಬೆರಳಿನಲ್ಲೇ. ಮೊದಲ ಸಲ ಭೇಟಿಯಾದಾಗ ಕ್ಷೌರಿಕನ ಕೈ ಹಿಡಿದು ಸವರಿ, "ಕೈ ಒಳ್ಳೇದೇ. ಆದ್ರೆ ಅವಸರದ ಕೈ" ಅಂದಿದ್ದರು. ಮಗಳನ್ನು ಕೊಟ್ಟರು, ಗಡ್ಡ ಕೊಡಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅಳಿಯನ ಅಂಗಡಿಯ ಕುರ್ಚಿಯಲ್ಲಿ ಕೂತವರಲ್ಲ. ತಾವೇ ಕೆರೆದುಕೊಂಡು, ಅಲ್ಲೊಂದು ಗಾಯ ಇಲ್ಲೊಂದು ಪೊದೆ ಉಳಿಸಿಕೊಂಡು ಬೀದಿ ತುಂಬಾ ಓಡಾಡುತ್ತಿದ್ದರು. ಗಿರಾಕಿಗಳಿಗೆ ಅದೊಂದು ತಮಾಷೆ. ಅವನೂ ಜೊತೆಗೆ ಹಲ್ಲು ಕಿರಿಯುತ್ತಿದ್ದ, ಆದರೆ ಒಳಗೊಳಗೇ ಬಹಳ ನೋಯುತ್ತಿತ್ತು.

"ಭಾನುವಾರ ಅಪ್ಪ ಬರ್ತಾರೆ. ಕಪಾಟೆಲ್ಲಿ ಅಂತ ಕೇಳೇ ಕೇಳ್ತಾರೆ" ಎಂದಳು ಹೆಂಡತಿ.

"ಕೇಳ್ಲಿ ಬಿಡೇ. ಪೆಟ್ಟಿಗೆ ಮುಟ್ಟಿ ನೋಡಿದ್ರೆ ಕಪಾಟು ಮರೆತೇಹೋಗುತ್ತೆ."

"ನೋಡೋಣ, ನೋಡೋಣ."

ಅಂಗಡಿಗೆ ರಜೆಯಿದ್ದ ದಿನ ಅವನು ಹಿತ್ತಿಲಲ್ಲಿ ಪೆಟ್ಟಿಗೆಗಳನ್ನಿಟ್ಟುಕೊಂಡು ಕೂತ. ಮೊಳೆಯ ತೂತುಗಳಿಗೆ ಪುಟ್ಟಿ ಮೆತ್ತಿ, ಸ್ಯಾಂಡ್ ಪೇಪರ್ ಹಿಡಿದ. ಅವನ ಕೈಗೆ ಗೊತ್ತಿದ್ದುದು ಒಂದೇ ದಾರಿ: ಮೊದಲ ಸುತ್ತು ಕೂದಲು ಮಲಗಿದ ಕಡೆಗೆ, ಎರಡನೆಯ ಸುತ್ತು ಅಡ್ಡಡ್ಡ. ಅಡ್ಡ ಎಳೆದಾಗಲೇ ಗಡ್ಡ ನುಣ್ಣಗಾಗುವುದು. ಮರವನ್ನೂ ಹಾಗೇ ಅಡ್ಡಡ್ಡ ಉಜ್ಜಿದ. ಮುಟ್ಟಿದರೆ ಗಾಜು! ಸಿಳ್ಳೆ ಹಾಕುತ್ತಾ ಕಂದು ಬಣ್ಣವನ್ನು ಬಟ್ಟೆಯಲ್ಲಿ ಅದ್ದಿ ಒರೆಸಿದ. ಸಿಳ್ಳೆ ಅರ್ಧಕ್ಕೇ ನಿಂತಿತು. ಅಷ್ಟು ಹೊತ್ತು ಕಣ್ಣಿಗೆ ಬೀಳದಿದ್ದ ಗೀರುಗಳೆಲ್ಲ ಬೆಕ್ಕು ಪರಚಿದಂತೆ ಮೈತುಂಬಾ ಎದ್ದು ಕಂಡವು.

ಹೆಂಡತಿ ಬಂದು, ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಮರಕ್ಕೆ ಎಳೆ ಇರುತ್ತೆ ರೀ. ಅಡ್ಡ ಉಜ್ಜಿದ್ರೆ ಎಳೆ ಹರಿದುಹೋಗುತ್ತೆ. ಗೀರೆಲ್ಲ ಬಣ್ಣ ಕುಡಿಯುತ್ತೆ."

"ಮೊದ್ಲೇ ಹೇಳೋಕೇನಾಗಿತ್ತು?"

"ನೀವು ಕೇಳಿದ್ರಾ? ಊರಿಗೆಲ್ಲ ಹೇಳಿದ್ರಿ. ಪಾಲಿಶ್ ವಾಸನೆಯಲ್ಲೇ ಬೆಳೆದೋಳು ಮನೇಲಿದೀನಿ, ನನ್ನ ಒಂದ್ಮಾತು ಕೇಳ್ಲಿಲ್ಲ."

ಅವನು ಬಣ್ಣದ ಬಟ್ಟೆಯನ್ನು ಕೆಳಗಿಟ್ಟ. "ಈಗೇನ್ಮಾಡ್ಲಿ, ಹೇಳೇ" ಎಂದ.

"ಪೂರ್ತಿ ಉಜ್ಜಿ ತೆಗೀರಿ, ಎಳೆ ಹೋದ ಕಡೆಗೇ. ಆಮೇಲೆ ಒದ್ದೆ ಬಟ್ಟೇಲಿ ಒರೆಸಿ. ಮಲಗಿರೋ ನಾರೆಲ್ಲ ಎದ್ದು ನಿಲ್ಲುತ್ತೆ. ಒಣಗಿದ ಮೇಲೆ ನಯವಾದ ಪೇಪರಲ್ಲಿ ಮೆಲ್ಲಗೆ ಸವರಿ."

"ಅಯ್ಯೋ, ಇದು ಬಿಸಿ ಟವೆಲ್!" ಎಂದು ಅವನು ಹಣೆ ಚಚ್ಚಿಕೊಂಡ. ಗಡ್ಡದ ಕೂದಲು ಎದ್ದು ನಿಲ್ಲಲೆಂದು ದಿನಕ್ಕೆ ಇಪ್ಪತ್ತು ಮುಖಕ್ಕೆ ಮಾಡುವ ಕೆಲಸ ಅದು. ಮರದ ಮುಂದೆ ಕೂತಾಗ ಹೊಳೆಯಲೇ ಇಲ್ಲವಲ್ಲ.

ಅಲ್ಲಿಂದ ಕೆಲಸ ಹದಕ್ಕೆ ಬಂತು. ಬಟ್ಟೆ ಸುತ್ತಿದ ಹತ್ತಿಯುಂಡೆಯಲ್ಲಿ ಪಾಲಿಶನ್ನು ತೆಳ್ಳಗೆ ಎಳೆಯುವುದು, ಒಣಗಲು ಬಿಡುವುದು, ಸವರಿ ಮತ್ತೆ ಎಳೆಯುವುದು. ಅಂಗಡಿಗೆ ಹೊರಡುವ ಮುಂಚೆ ಒಂದು ಕೈ, ಊಟಕ್ಕೆ ಬಂದಾಗ ಒಂದು ಕೈ. ಎಳೆಯುವುದೇನೂ ಕಷ್ಟವಿರಲಿಲ್ಲ, ಕಾಯುವುದರಲ್ಲೇ ಅವನ ಪ್ರಾಣ ಹೋಗುತ್ತಿತ್ತು. ಒಣಗಿತೋ ಇಲ್ಲವೋ ಎಂದು ಬೆರಳು ತುರಿಸಿದಾಗಲೆಲ್ಲ ಕೈಯನ್ನು ಜೇಬಿಗೆ ತುರುಕಿಕೊಂಡು ಬೀದಿಯ ಕೊನೆಯವರೆಗೆ ನಡೆದು ಬರುತ್ತಿದ್ದ.

ಭಾನುವಾರ ಸಂಜೆ, ಅಂಗಡಿ ಮುಚ್ಚಿದ ಮೇಲೆ, ಮಾವ ಬಂದರು. ಕೆನ್ನೆಯ ಮೇಲೆ ಹೊಸದೊಂದು ಗಾಯ. ಕಪಾಟಿನ ಸುದ್ದಿ ಎತ್ತಲಿಲ್ಲ. ಹಾಡು ಬರುತ್ತಿದ್ದ ಕಡೆಗೆ ಹೋಗಿ, ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮೇಲೂ ಮುಂದೂ ಬಿಟ್ಟು ನೇರವಾಗಿ ಅದರ ಹಿಂಬದಿಗೆ ಕೈ ಹಾಕಿದರು. ಕೈ ಮೇಲಿನಿಂದ ಕೆಳಗೆ ಇಳಿಯಿತು. ಮರದ ಗಂಟೊಂದರ ಮೇಲೆ ಹೆಬ್ಬೆರಳು ನಿಂತುಬಿಟ್ಟಿತು.

"ಈ ಗಂಟು ನನಗ್ಗೊತ್ತು" ಎಂದರು. "ನನ್ನ ಕಪಾಟಿನ ಬಾಗ್ಲು ಇದು."

ಕ್ಷೌರಿಕ ಹಾಡಿನ ಸದ್ದು ತಗ್ಗಿಸಿದ. "ಗೆದ್ದಲು ಹಿಡಿದಿತ್ತು ಮಾವ. ಬಾಗ್ಲು ಮಾತ್ರ ಉಳೀತು. ಬಿಸಾಕೋಕೆ ಮನಸ್ಸು ಬರ್ಲಿಲ್ಲ."

"ಹೂಂ." ಕೈ ಮತ್ತೆ ಹೊರಟಿತು. "ಇದು ಗೋಡೆಗೆ ತಾಗೋ ಮೈ. ಯಾರೂ ನೋಡಲ್ಲ. ಇಲ್ಯಾಕೆ ಇಷ್ಟು ಉಜ್ಜಿದ್ರಿ?"

ಈ ಪ್ರಶ್ನೆ ಅವನಿಗೆ ವಿಚಿತ್ರವಾಗಿ ಕಂಡಿತು. "ಕತ್ತಿನ ಹಿಂಭಾಗ ಅಲ್ವಾ ಮಾವ ಅದು? ಗಿರಾಕಿಗೆ ಕಾಣಲ್ಲ ಅಂತ ಅಲ್ಲಿ ಹಾಗೇ ಬಿಟ್ಟು ಕಳಿಸೋಕಾಗುತ್ತಾ?"

ಮಾವ ಪೆಟ್ಟಿಗೆಯ ಮೇಲಿದ್ದ ಕೈಯನ್ನು ತಮ್ಮ ಗದ್ದಕ್ಕೆ ತಂದು, ಅಲ್ಲಿ ಉಳಿದಿದ್ದ ಪೊದೆಯನ್ನು ಎರಡು ಸಲ ಸವರಿಕೊಂಡರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದುಕೊಂಡೇ ನಿಂತಿದ್ದಳು.

"ನಾಳೆ ಅಂಗಡಿ ಎಷ್ಟು ಗಂಟೆಗೆ ತೆಗೀತೀರಿ?" ಎಂದರು ಮಾವ.

ಕ್ಷೌರಿಕನ ಕೈ ಜೇಬಿಗೆ ಹೋಯಿತು. "ಎಂಟಕ್ಕೆ. ನಿಮಗಾದ್ರೆ ಈಗ್ಲೇ ತೆಗೀತೀನಿ, ಬೀಗದ ಕೈ ಇಲ್ಲೇ ಇದೆ."

"ಅವಸರ ಬೇಡ" ಎಂದರು ಮಾವ. "ನಾಳೆ ಬರ್ತೀನಿ."