ನೀಲಾಂಬಿಕೆಯ ಹದಿನಾಲ್ಕನೇ ಅಧ್ಯಾಯ

ಬಿಳಿಕೆರೆಯ ನಂಜಣ್ಣ ಮೇಷ್ಟರ ಹೆಂಡತಿ ನೀಲಾಂಬಿಕೆ ಕಾದಂಬರಿ ಬರೆಯುತ್ತಿದ್ದಾಳೆಂಬುದು ೧೯೫೬ರ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಅದು ಅರ್ಧಕ್ಕೇ ನಿಂತಿದೆ ಎಂಬುದನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ.

ಹದಿಮೂರು ಅಧ್ಯಾಯ ಸರಾಗವಾಗಿ ಸಾಗಿದ್ದವು. ಮೈಸೂರಿನ ಪ್ರಕಾಶಕರೊಬ್ಬರು ಅಷ್ಟನ್ನು ಓದಿ ಮೆಚ್ಚಿ, ಉಳಿದದ್ದನ್ನು ದೀಪಾವಳಿಯೊಳಗೆ ಕೊಟ್ಟರೆ ಅಚ್ಚು ಹಾಕಿಸುವ ಯೋಚನೆ ಮಾಡಬಹುದು ಎಂದಿದ್ದರು. ಹದಿನಾಲ್ಕನೆಯದಕ್ಕೆ ಬಂದು ಕೈ ಕಟ್ಟಿತು. ಕಥೆಯ ಗಿರಿಜೆ ಉಪಾಧ್ಯಾಯಿನಿಯ ಕೆಲಸದ ಆಸೆಯಿಂದ ಮೈಸೂರಿನ ಟ್ರೈನಿಂಗಿಗೆ ಅರ್ಜಿ ಹಾಕಿರುತ್ತಾಳೆ. ಕರೆ ಬಂದ ಕಾಗದ ದಾರಿಯಲ್ಲಿ ಎಲ್ಲೋ ಕಳೆದುಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಗಿರಿಜೆ ಮಿಸುಕಲೊಲ್ಲಳು. ನೀಲಾಂಬಿಕೆ ಅವಳು ಅಳುವಂತೆ ಮಾಡಿ ನೋಡಿದಳು, ಪಿರಿಯಾಪಟ್ಟಣದ ತವರಿಗೆ ಕಳಿಸಿ ನೋಡಿದಳು, ಕೊನೆಗೆ ಚಳಿಜ್ವರವನ್ನೂ ಬರಿಸಿದಳು. ಮೂರು ತಿಂಗಳಲ್ಲಿ ಬರೆದದ್ದೆಷ್ಟೋ, ಹರಿದದ್ದೆಷ್ಟೋ.

ಕಾರಣ ಅವಳಿಗೆ ತಿಳಿಯದ್ದೇನಲ್ಲ. ಹದಿನೈದು ವರ್ಷದ ಹಿಂದೆ ಅಂಥದೇ ಅರ್ಜಿಯನ್ನು ಅವಳೇ ಹಾಕಿದ್ದಳು. ಕಾಗದ ಬರಲಿಲ್ಲವೆಂದೇ ಎಲ್ಲರೂ ನಂಬಿದರು. ಆದರೆ ಒಂದು ಬೆಳಿಗ್ಗೆ ಒಲೆಯ ಬೂದಿ ಬಳಿಯುವಾಗ ಸುಟ್ಟುಳಿದ ಲಕೋಟೆಯ ಮೂಲೆಯೊಂದು ಅವಳ ಕೈಗೆ ಸಿಕ್ಕಿತ್ತು. ಅದರ ಮೇಲೆ ಸರ್ಕಾರಿ ಮೊಹರು ಅರ್ಧ ಉಳಿದಿತ್ತು. ಅವಳು ಅತ್ತೆಯನ್ನು ಕೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಆಮೇಲೆ ಅದೇ ಅತ್ತೆ ಪುಟ್ಟಮಲ್ಲಮ್ಮ ಅವಳ ಎರಡು ಬಾಣಂತನ ಮಾಡಿದಳು, ಮಕ್ಕಳನ್ನು ಎತ್ತಿ ಆಡಿಸಿದಳು. ಈಗಲೂ ನಡುಮನೆಯಲ್ಲಿ ಕೂತು ಹುರುಳಿ ಹಸನು ಮಾಡುವ ಮುದುಕಿಯನ್ನು ಪುಸ್ತಕದ ಬೀದಿಗೆ ಎಳೆಯುವುದು ಹೇಗೆ? ಅದಕ್ಕೇ ಕಥೆಯಲ್ಲಿ ಕಾಗದವನ್ನು ದಾರಿಯಲ್ಲಿ ಕಳೆದಿದ್ದಳು.

ಪುಟ್ಟಮಲ್ಲಮ್ಮನಿಗೆ ಓದು ಬಾರದು. ಭಾನುವಾರ ಮಧ್ಯಾಹ್ನ ಮಗ ಪುರಾಣ ಓದಿ ಹೇಳುತ್ತಿದ್ದ. ಆ ಶ್ರಾವಣದಲ್ಲಿ ಅವಳು, ಪುರಾಣ ಹಾಗಿರಲಿ, ಸೊಸೆ ಬರೆದದ್ದನ್ನು ಓದು ಎಂದು ಹಟ ಹಿಡಿದಳು. ಮೂರು ಭಾನುವಾರ ಓದು ನಡೆಯಿತು. ನಾಲ್ಕನೆಯ ವಾರ ನಂಜಣ್ಣ ಹರಿಯದೆ ಉಳಿದಿದ್ದ ಹದಿನಾಲ್ಕನೆಯ ಅಧ್ಯಾಯವನ್ನೂ ಎತ್ತಿಕೊಂಡ. ನೀಲಾಂಬಿಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಕಾಗದ ಕಳೆದುಹೋದ ಸಾಲು ಬಂದಾಗ ಪುಟ್ಟಮಲ್ಲಮ್ಮ ಕೈ ಎತ್ತಿ ಮಗನನ್ನು ತಡೆದಳು.

"ಕಳೆದೋಗ್ನಿಲ್ಲ ಕಣವ್ವ," ಎಂದಳು, ಸೊಸೆಯ ಕಡೆ ತಿರುಗಿ. "ಬಂದಿತ್ತು. ಹಿಟ್ಟಿಗೆ ಎಸ್ರು ಮಡಗಿದ್ದೆ, ಅದೇ ಒಲೆಗೆ ಆಕ್ದೆ. ಆ ಹಿಟ್ನ ನೀನೂ ಉಂಡೆ, ನಾನೂ ಉಂಡೆ."

ಅವ್ವ, ಏನಂತಿದ್ದೀಯೆ ಎಂದು ನಂಜಣ್ಣ ಕೇಳಿದ. ಮುದುಕಿಯ ಕಣ್ಣು ಸೊಸೆಯ ಮೇಲೇ ಇತ್ತು.

"ನಿಂಗೊತ್ತಿತ್ತು, ಅಲ್ವಾ?"

"ಗೊತ್ತಿತ್ತು ಅತ್ತೆ."

"ಗೊತ್ತಿದ್ದೂ ಸುಳ್ ಬರ್ದಿದ್ದೀಯೆ."

ನೀಲಾಂಬಿಕೆ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತಳು. ಹದಿನೈದು ವರ್ಷ ಅದುಮಿಟ್ಟ ಸಿಟ್ಟು ಒಟ್ಟಿಗೇ ಉಕ್ಕಿ ಬಂತು. ಅತ್ತದ್ದಾಯಿತು, ಒಂದಷ್ಟು ಬೈದದ್ದೂ ಆಯಿತು. ಬೈದದ್ದೆಲ್ಲ ಒಳಗೆ ಕೇಳಿಸಿರಬೇಕು. ಬಿಸಿಲು ಇಳಿಯುವ ಹೊತ್ತಿಗೆ ಮುಖ ತೊಳೆದು ಎದ್ದವಳು ಪುಸ್ತಕ, ಪೆನ್ಸಿಲು ಹಿಡಿದು ಬಂದು ಅತ್ತೆಯ ಎದುರು ಕೂತಳು. ಯಾಕೆ ಹಾಗೆ ಮಾಡಿದಿರಿ ಎಂದು ಕೇಳಿದಳು.

ಪುಟ್ಟಮಲ್ಲಮ್ಮ ಹೇಳಿದಳು. ಸೊಸೆ ಬಂದ ಹೊಸದರಲ್ಲಿ ಜಮೀನಿನ ಪತ್ರವೊಂದನ್ನು ಓದಿ ಹೇಳಿದ್ದಳಂತೆ. ಊರಿನವರೆಲ್ಲ ಅಂದಿನಿಂದ ಯಜಮಾನಿಯನ್ನು ಬಿಟ್ಟು ಸೊಸೆಯನ್ನೇ ಕೇಳಿಕೊಂಡು ಬರತೊಡಗಿದರಂತೆ.

"ನೀನು ಇನ್ನೂ ಓದ್ಬುಟ್ರೆ ಈ ಮನೇಲಿ ನಾನ್ಯಾರು ಅನ್ನಿಸ್ಬುಡ್ತು," ಎಂದಳು. "ಕಾಗ್ದ ಉರಿಯೋಗಂಟ ಅಲ್ಲೇ ಕುಂತಿದ್ದೆ. ಅದ್ರಲ್ಲಿ ಏನು ಬರ್ದಿತ್ತೋ ಅಂತ ಇವತ್ತಿಗೂ ಗೊತ್ತಿಲ್ಲ. ತಪ್ಪಾಯ್ತು ಅಂದ್ರೆ ಅದು ತಿರ್ಗಿ ಬತ್ತದಾ? ಬರಿ, ನಡ್ದಂಗೇ ಬರಿ."

ನೀಲಾಂಬಿಕೆ ಕ್ಷಮಿಸಿದೆ ಎನ್ನಲಿಲ್ಲ. ಆ ಮಾತು ಆಗ ಅವಳಲ್ಲಿ ಇರಲೂ ಇಲ್ಲ. ಸೌದೆ ಯಾವುದಿತ್ತು, ಟಪಾಲಿನವನು ಏನೆಂದ, ಸುತ್ತಮುತ್ತ ಯಾರಿದ್ದರು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡಳು. ಹೊಂಗೆ ಸೌದೆ ಎಂದಳು ಮುದುಕಿ. ಹಸಿಯಿತ್ತು, ಊದಿ ಊದಿ ಕಣ್ಣಲ್ಲಿ ನೀರು ಬಂದಿತ್ತು, ಅಳು ಯಾವುದು ಹೊಗೆ ಯಾವುದು ತಿಳಿಯಲಿಲ್ಲ ಎಂದಳು.

ಮಾರನೆಯ ಬೆಳಿಗ್ಗೆ ಮಕ್ಕಳು ಶಾಲೆಗೆ ಹೋದ ಮೇಲೆ ನೀಲಾಂಬಿಕೆ ಹೊಸ ಹಾಳೆ ತೆಗೆದಳು. ಅಧ್ಯಾಯವನ್ನು ಗಿರಿಜೆಯಿಂದಲ್ಲ, ಒಲೆಯ ಮುಂದೆ ಲಕೋಟೆ ಹಿಡಿದು ಕೂತ ಅತ್ತೆಯಿಂದ ಶುರು ಮಾಡಿದಳು. ಮೊದಲ ಸಾಲಿಗೇ ಗೊತ್ತಾಯಿತು, ಕಟ್ಟಿದ್ದ ಕೈ ಬಿಟ್ಟಿದೆ ಎಂದು. ಮಧ್ಯಾಹ್ನದ ಊಟ ಮರೆತಳು. ಪುಟ್ಟಮಲ್ಲಮ್ಮ ಸದ್ದು ಮಾಡದೆ ಮುದ್ದೆ ತಿರುವಿ, ತಟ್ಟೆಯನ್ನು ಪಕ್ಕದಲ್ಲಿಟ್ಟು ಹೋದಳು. ಸಂಜೆಯ ಹೊತ್ತಿಗೆ ಹದಿನಾಲ್ಕು ಮುಗಿದಿತ್ತು. ಬೂದಿಯಲ್ಲಿ ಲಕೋಟೆಯ ಮೂಲೆ ಕಂಡ ಗಿರಿಜೆ ಈ ಸಲ ಅಳಲಿಲ್ಲ. ನೇರ ಹೋಗಿ ಅತ್ತೆಯನ್ನು ಕೇಳಿದಳು. ಕೇಳಿದ್ದೇ ತಡ, ಹದಿನೈದು, ಹದಿನಾರು ಒಂದರ ಹಿಂದೊಂದು ಬಂದವು. ಮಹಾನವಮಿ ಕಳೆದ ವಾರಕ್ಕೆ ಇಪ್ಪತ್ತೆರಡನೆಯದರ ಕೊನೆಯ ಸಾಲಿಗೆ ಚುಕ್ಕಿ ಬಿತ್ತು.

ಕಟ್ಟನ್ನು ಅಂಚೆಗೆ ಹಾಕಲು ಮನಸ್ಸಾಗದೆ ಅವಳೇ ಬಸ್ಸು ಹತ್ತಿ ಮೈಸೂರಿಗೆ ಒಯ್ದಳು. ಪ್ರಕಾಶಕರು ಎರಡು ಅಧ್ಯಾಯವನ್ನು ಅಲ್ಲೇ ಓದಿದರು. ಕನ್ನಡಕ ತೆಗೆದು, ಸಂಕ್ರಾಂತಿಗೆ ಪುಸ್ತಕ ತರೋಣ ಎಂದರು.

ಬಿಳಿಕೆರೆಯಲ್ಲಿ ಬಸ್ಸಿಳಿದಾಗ ಪುಟ್ಟಮಲ್ಲಮ್ಮ ಚಾಮಯ್ಯನ ಅಂಗಡಿಯ ಜಗುಲಿಯ ಮೇಲೆ ಕೂತು ಕಾಯುತ್ತಿದ್ದಳು. ಸೊಸೆಯ ಮುಖ ನೋಡಿದವಳೇ ಎದ್ದು ನಿಂತು, ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು:

"ನಮ್ಮ ಸೊಸೆ ಬುಕ್ಕು ಅಚ್ಚಾಯ್ತದೆ ಕಣ್ರಪ್ಪ. ಅದ್ರಲ್ಲಿ ಬರೋ ಕೆಟ್ಟ ಅತ್ತೆ ನಾನೇಯ. ಎಲ್ರೂ ಓದಿ."

ನೀಲಾಂಬಿಕೆಗೆ ನಗು ತಡೆಯಲಾಗಲಿಲ್ಲ. ಜಗುಲಿ ಇಳಿಯಲು ಅತ್ತೆಗೆ ಕೈ ಕೊಟ್ಟಳು.