ಮೊದಲ ಪಕ್ಕೆಲುಬಿನ ಬಳಿಯ ಕವಲು

"ಇವತ್ತು ಎದೆಗೋಡೆಯ ನಾಳ ಪುಟ್ಟ ಮೇಡಂ ಬಿಡಿಸ್ಲಿ. ನೀವು ಎದುರಿಗೆ ನಿಂತ್ಕೊಳ್ಳಿ," ಎಂದರು ದೊಡ್ಡ ಡಾಕ್ಟರು, ಕೈ ತೊಳೆಯುತ್ತಲೇ.

ಸಹಾಯಕ ಸರ್ಜನ್ "ಆಯ್ತು ಸಾರ್" ಎಂದ. ಹನ್ನೊಂದು ವರ್ಷಗಳಿಂದ ಆ ಕೆಲಸ ಅವನದೇ. ಆಪರೇಷನ್ ಥಿಯೇಟರಿನವರೆಲ್ಲ ಅವನನ್ನು ಮೇಷ್ಟ್ರು ಎನ್ನುತ್ತಿದ್ದುದೂ ಅದಕ್ಕೇ. ಕಿರಿಯ ಸರ್ಜನ್ ಪುಟ್ಟ ಮೇಡಂ ಸೇರಿ ಇನ್ನೂ ಏಳು ತಿಂಗಳು.

ಮೇಜಿನ ಮೇಲಿದ್ದವನು ಐವತ್ತೆರಡರ ಬಸ್ ಡ್ರೈವರ್. ಹೃದಯದ ಮುಂಭಾಗದ ನಾಳ ಕಟ್ಟಿಹೋಗಿತ್ತು. ಎದೆಮೂಳೆಯ ಅಂಚಿನಿಂದ ಬೆರಳಗಲ ದೂರದಲ್ಲಿ, ಪಕ್ಕೆಲುಬುಗಳ ಒಳಮೈಗೆ ಅಂಟಿಕೊಂಡು ತೆಳ್ಳನೆಯ ನಾಳವೊಂದು ಇಳಿಯುತ್ತದೆ. ಅದನ್ನು ಬಿಡಿಸಿ, ಕೆಳತುದಿ ಕತ್ತರಿಸಿ, ಕಟ್ಟಿದ ಜಾಗದ ಆಚೆಗೆ ಹೊಲಿಯಬೇಕು. ದಾರಿಯುದ್ದಕ್ಕೂ ಒಡೆಯುವ ಕವಲುಗಳಿಗೆ ಕ್ಲಿಪ್ ಹಾಕಿ ಮುಚ್ಚಬೇಕು.

ಅವಳ ಕೈ ಅವನಿಗೆ ಹಿಡಿಸಲಿಲ್ಲ. ತಪ್ಪು ಸಿಗದ ಕಾರಣಕ್ಕೇ ಹಿಡಿಸಲಿಲ್ಲ. ಚಿಮಟದಿಂದ ನಾಳವನ್ನು ಮುಟ್ಟದೆ ಪಕ್ಕದ ಪೊರೆಯನ್ನಷ್ಟೇ ಎತ್ತುತ್ತಿದ್ದಳು. ಅದನ್ನು ಕಲಿಯಲು ಅವನಿಗೆ ಎರಡು ವರ್ಷ ಹಿಡಿದಿತ್ತು.

"ಕೈ ಅಂದ್ರೆ ಇದಪ್ಪಾ!" ಎಂದರು ದೊಡ್ಡ ಡಾಕ್ಟರು, ಬಗ್ಗಿ ನೋಡಿ. ಅವನಿಗೆ ಇಷ್ಟು ವರ್ಷ ಸಿಕ್ಕಿದ್ದು "ಹ್ಞೂಂ, ಮುಂದೆ" ಅಷ್ಟೇ. ಮಾಸ್ಕಿನೊಳಗೆ ಅವನ ಮುಖ ಉರಿಯಿತು.

ಆಗಲೇ ಮೊದಲ ಪಕ್ಕೆಲುಬಿನ ಬಳಿ ಅವನ ಕಣ್ಣಿಗೆ ಅದು ಬಿತ್ತು. ಕೊಬ್ಬಿನ ಹಿಂದೆ, ಪಕ್ಕಕ್ಕೆ ಸರಿದುಹೋಗುವ ದಪ್ಪನೆಯ ಕವಲು. ಎಲ್ಲರಲ್ಲೂ ಇರುವಂಥದ್ದಲ್ಲ. ಬಿಟ್ಟರೆ ಹೃದಯದ ಪಾಲಿನ ರಕ್ತ ಎದೆಗೋಡೆಗೆ ಹರಿದೀತು, ಡ್ರೈವರ್ ಮತ್ತೆ ಎದೆ ಹಿಡಿದುಕೊಂಡು ಬಂದಾನು. ಅವಳ ಚಿಮಟ ಅದನ್ನು ದಾಟಿ ಹೋಯಿತು.

ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ. ಮುಗಿಸಲಿ, ದೊಡ್ಡವರೇ ನೋಡಲಿ, ಯಾರ ಕೈ ಏನೆಂದು ಆಗ ತಿಳಿಯುತ್ತದೆ.

"ಮುಗೀತಾ?"

"ಹ್ಞೂಂ ಸಾರ್," ಎಂದವಳು ಕತ್ತರಿಗೆ ಕೈ ಚಾಚಿದಳು. ಅವನು ಆಗಲೂ ಸುಮ್ಮನಿದ್ದ. ಅವಳು ಒಮ್ಮೆ ಅವನತ್ತ ನೋಡಿದಳು. ಕೈ ಹಿಂದಕ್ಕೆ ಬಂತು. "ಒಂದ್ನಿಮಿಷ ಸಾರ್." ಮೇಲಿನಿಂದ ಮತ್ತೆ ಹುಡುಕುತ್ತ ಬಂದು ಕೊಬ್ಬು ಸರಿಸಿದಳು. "ಅಯ್ಯೋ, ಇಲ್ಲೊಂದಿದೆ! ಮೇಷ್ಟ್ರೇ, ಇಲ್ಲಿ ಹಿಡ್ಕೊಳ್ತೀರಾ?"

ಅವನು ಹಿಡಿದುಕೊಂಡ. ಅವಳು ಕ್ಲಿಪ್ ಹಾಕಿದಳು. ದೊಡ್ಡ ಡಾಕ್ಟರು ಹೊಲಿದರು. ಹೃದಯ ಚೆನ್ನಾಗಿ ಬಡಿಯತೊಡಗಿತು.

ಹೊರಗಿನ ಕೋಣೆಯಲ್ಲಿ ಅವಳು ಟೋಪಿ ತೆಗೆಯುತ್ತ ಹತ್ತಿರ ಬಂದಳು. "ಥ್ಯಾಂಕ್ಸ್ ಮೇಷ್ಟ್ರೇ."

"ಯಾಕೆ?"

"ನಿಮಗೆ ಮೊದಲೇ ಕಂಡಿತ್ತು. ನಿಮ್ಮ ಕಣ್ಣು ಅಲ್ಲೇ ನಿಂತಿತ್ತಲ್ಲ, ಅದಕ್ಕೇ ನಾನು ತಿರುಗಿ ಹುಡುಕಿದ್ದು. ಬೇರೆಯವರಾಗಿದ್ರೆ ಎಲ್ಲರೆದುರಿಗೆ ನನ್ನ ಮಾನ ಕಳೀತಿದ್ರು. ನೀವು 'ಇವಳೇ ಕಂಡ್ಕೊಳ್ಳಲಿ' ಅಂತ ಕಾದ್ರಿ." ಅವಳ ಕಣ್ಣು ತುಂಬಿತ್ತು. "ಪೇಷಂಟ್ ಹೆಂಡತಿ ಆಚೆ ಕಾಯ್ತಿದಾರೆ. ಬನ್ನಿ, ಇಬ್ರೂ ಹೋಗಿ ಹೇಳೋಣ."

"ನೀವು ಹೋಗಿ," ಎಂದ.

ಗಾಜಿನ ಬಾಗಿಲಾಚೆ ಡ್ರೈವರನ ಹೆಂಡತಿ ಬೆಂಚಿನಿಂದ ಎದ್ದು, ಪುಟ್ಟ ಮೇಡಂನ ಎರಡೂ ಕೈಗಳನ್ನು ಹಿಡಿದು ಹಣೆಗೆ ಒತ್ತಿಕೊಂಡಳು. ಅವನು ಬೆನ್ನಿಗೆ ಕೈ ಹಾಕಿ ಗೌನಿನ ಗಂಟಿಗಾಗಿ ತಡಕಾಡುತ್ತಲೇ ಇದ್ದ.