ಹೆಣಕ್ಕೆ ಮೂರು ಒದೆ

ಸತ್ತವನನ್ನು ಒದೆಯಬೇಕೋ ಬೇಡವೋ ಎಂಬುದು ಆ ಊರಿನ ಮಟ್ಟಿಗೆ ರಾಜ್ಯ ಉಳಿಯುವ ಅಥವಾ ಉರುಳುವ ಪ್ರಶ್ನೆ. ನಾವು ಬಸ್ಸಿಳಿದ ದಿನ ಅದಿನ್ನೂ ಇತ್ಯರ್ಥವಾಗಿರಲಿಲ್ಲ.

ಹಿಂದೊಮ್ಮೆ ಒಬ್ಬ ದ್ರೋಹಿ ಕೋಟೆಯ ಬಾಗಿಲನ್ನು ಶತ್ರುಗಳಿಗೆ ತೆರೆದನಂತೆ. ಆ ನಾಚಿಕೆಗೆ ಊರಿನವರು ತಮ್ಮ ಮನೆಗಳ ಮುಂಬಾಗಿಲನ್ನೆಲ್ಲ ಕಲ್ಲಿಟ್ಟು ಮುಚ್ಚಿ, ಮೇಲೆ ಬಾಗಿಲಿನ ಚಿತ್ರ ಬರೆಸಿದ್ದಾರೆ. ಓಡಾಟವೆಲ್ಲ ಹಿತ್ತಲಿಂದ. ನನ್ನ ಹೆಂಡತಿ ಚಿತ್ರದ ಚಿಲಕವೊಂದನ್ನು ಎಳೆಯಲು ಹೋಗಿ ಉಗುರು ಮುರಿದುಕೊಂಡಳು. ದ್ರೋಹಿಯನ್ನು ಕಾವಲುಗಾರ ಕಡಿದು, ಸಾಲದೆಂದು ಹೆಣಕ್ಕೆ ಮೂರು ಸಲ ಒದ್ದನಂತೆ. ಪ್ರವಾಸಿಗರಿಗೆ ಅದನ್ನು ದಿನವೂ ಆಡಿ ತೋರಿಸುತ್ತಾರೆ.

"ಸಾಯೋನು ನನ್ನ ತಮ್ಮ, ಕೊಲ್ಲೋರು ನಮ್ಮ ಮನೆಯವರು," ಎಂದಳು ಟಿಕೆಟು ಹರಿಯುತ್ತಿದ್ದ ಹೆಂಗಸು. ತಮ್ಮ ದರ್ಜಿ, ಗಂಡ ಕಮ್ಮಾರ. "ತಮ್ಮನ ಮಗಳ ಮದುವೆ ಗೊತ್ತಾಗಿದೆ. ಬೀಗರಾಗೋರು ಇವತ್ತು ಮುಂದಿನ ಸಾಲಲ್ಲೇ ಕೂತಿದಾರೆ. ಅದಕ್ಕೇ ಅವನಿಗೆ ಸಂಕಟ."

ಟಿಕೆಟಿನ ಗೂಡಿನ ಹಿಂದೆ ದರ್ಜಿ ಅಂಗಲಾಚುತ್ತಿದ್ದ. "ಭಾವ, ಕಡೀರಿ, ಬೇಡ ಅನ್ನಲ್ಲ. ಇವತ್ತೊಂದಿನ ಒದೀಬೇಡಿ. ಬೀಗರೆದುರು ಒದೆ ತಿಂದು ಅವರ ಜೊತೆ ಯಾವ ಮುಖ ಇಟ್ಕೊಂಡು ಊಟಕ್ಕೆ ಕೂರಲಿ?"

"ಇತಿಹಾಸ ಕಣೋ ಇದು," ಎಂದ ಕಮ್ಮಾರ, ಬೂಟಿನ ದಾರ ಬಿಗಿಯುತ್ತ. "ನಿನ್ನ ಬೀಗರಿಗೋಸ್ಕರ ತಿದ್ದೋಕಾಗುತ್ತಾ? ಮೆಲ್ಲಗೆ ಒದೀತೀನಿ ಬಿಡು."

"ಮೆಲ್ಲಗೂ ಬೇಡ."

"ನೋಡೋಣ. ಹೋಗಿ ಸಾಯಿ, ಹೊತ್ತಾಯ್ತು."

ದರ್ಜಿ ಚೆನ್ನಾಗಿಯೇ ಸತ್ತ. ಕಮ್ಮಾರ ಹೆಣವನ್ನು ದಾಟಿ ಹೊರಟೂ ಬಿಟ್ಟಿದ್ದ. "ಒದೆ ಎಲ್ಲಿ?" ಎಂದು ಯಾರೋ ಕೂಗಿದರು. ಚಪ್ಪಾಳೆ ಶುರುವಾಯಿತು. ಚಪ್ಪಾಳೆಗೆ ಸೋಲದ ಕಲಾವಿದ ಉಂಟೇ? ಕಮ್ಮಾರ ತಿರುಗಿ ಬಂದು ಒದ್ದ. ಎರಡನೆಯದು ಪಕ್ಕೆಗೆ ಬಿತ್ತು. ಭಾವೀ ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರನೆಯದಕ್ಕೆ ಕಾಲೆತ್ತಿದಾಗ ಹೆಣ ಎದ್ದು ಕೂತಿತು.

ದರ್ಜಿಯ ಕೈಲಿದ್ದ ನಾಟಕದ ಕತ್ತಿಗೆ ಹರಿತವಿರಲಿಲ್ಲ, ತೂಕವಿತ್ತು. ಕಮ್ಮಾರನೇ ಬಡಿದು ಮಾಡಿದ್ದು. ಅದನ್ನು ಎರಡೂ ಕೈಯಲ್ಲೆತ್ತಿ ಭಾವನ ಮೊಣಕಾಲಿಗೆ ಬೀಸಿದ. ಸೌದೆ ಸೀಳಿದ ಸದ್ದಾಯಿತು. ಬಿದ್ದವನ ಅದೇ ಕಾಲಿನ ಮೇಲೆ ಮತ್ತೆ ಮತ್ತೆ ಬಡಿದ. ಮೂಳೆ ಚರ್ಮ ಹರಿದು ಹೊರಬಂತು. ರಕ್ತ ಮುಂದಿನ ಸಾಲಿನವರೆಗೂ ಹಾರಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಾಗಿಲುಗಳೇ ಬಣ್ಣವಾಗಿರುವ ಊರಲ್ಲಿ ರಕ್ತವನ್ನು ಯಾರು ನಂಬುತ್ತಾರೆ?

"ಎಷ್ಟು ಸಹಜವಾಗಿ ಕಿರುಚ್ತಾನೆ ನೋಡಿ," ಎಂದಳು ನನ್ನ ಹೆಂಡತಿ.

ಅಕ್ಕ ಟಿಕೆಟಿನ ಕಟ್ಟು ಬಿಸಾಕಿ ಓಡಿ ಬಂದು ತಮ್ಮನ ಕೂದಲು ಹಿಡಿದೆಳೆದಳು. "ಬಿಡೋ, ಅವರು ನನ್ನ ಗಂಡ ಕಣೋ."

"ಬೇಡ ಅಂತ ಮೊದಲೇ ಹೇಳಿದ್ದೆ, ಅಕ್ಕ," ಎಂದು ದರ್ಜಿ ಇನ್ನೊಂದು ಏಟು ಹಾಕಿದ. ಅದು ಅವಳ ಮುಂಗೈ ಮುರಿಯಿತು. ಚಪ್ಪಾಳೆ ನಿಂತದ್ದು ಆಗ.

ಕಮ್ಮಾರನ ಕಾಲನ್ನು ಆಸ್ಪತ್ರೆಯಲ್ಲಿ ಮೊಣಕಾಲಿನ ಮೇಲಿಂದ ಕತ್ತರಿಸಿದರು. ದರ್ಜಿ ಜೈಲಿಗೆ ಹೋದ. ಮದುವೆ ಮುರಿಯಿತು.